ಸ್ಕೂಲಿನಲ್ಲಿ ಪಿಟೀಲು ಪಾಠ: ಫಾರಂ ತುಂಬುವ ಮುಂಚೆ

ಮಗಳು ಇಂಗ್ಲೆಂಡಿನ ಪ್ರೈಮರಿ ಶಾಲೆಯಲ್ಲಿ ಇಯರ್ 4 (ಎಂಟು-ಒಂಬತ್ತು ವರ್ಷದವರ ಕ್ಲಾಸು), ಸ್ಕೂಲಿನಿಂದ ಪಿಟೀಲು ಪಾಠದ ಪತ್ರ ಬಂದಿದೆ, ಸೇರಿಸಲಾ ಅಂತ ಕೇಳಿದ್ದೀರಿ. ಸೇರಿಸಿ. ಆದರೆ ಮೊದಲು ಅದು ಯಾವ ಪಾಠ ಅಂತ ನೋಡಿ. ಇಡೀ ಕ್ಲಾಸಿಗೆ ಒಟ್ಟಿಗೆ ಕಲಿಸುವುದು ಬೇರೆ, ಅದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ನಾವು ಫೀಸು ಕಟ್ಟಿ ಸೇರಿಸುವುದು ಬೇರೆ.

ಇಂಗ್ಲೆಂಡಿನಲ್ಲಿ ವಾದ್ಯ ಕಲಿಸುವವರು ಹೆಚ್ಚಾಗಿ ಆ ಶಾಲೆಯ ಟೀಚರ್ ಅಲ್ಲ. ಮ್ಯೂಸಿಕ್ ಸರ್ವಿಸ್‌ನಿಂದ (ಶಾಲೆಗಳಿಗೆ ಸಂಗೀತದ ಟೀಚರ್ ಕಳಿಸುವ ಸ್ಥಳೀಯ ಸಂಸ್ಥೆ) ವಾರಕ್ಕೊಮ್ಮೆ ಬರುತ್ತಾರೆ, ಬೆಳಿಗ್ಗೆ ನಿಮ್ಮ ಶಾಲೆ, ಮಧ್ಯಾಹ್ನ ಇನ್ನೊಂದು. ಪಾಠ 20 ಅಥವಾ 30 ನಿಮಿಷ. ಮಗು ಕ್ಲಾಸಿನ ಮಧ್ಯೆ ಎದ್ದು ಹೋಗಬೇಕು. ಗಣಿತ ತಪ್ಪುತ್ತಲ್ಲ ಅಂತ ನಮ್ಮವರಿಗೆ ಮೊದಲ ಚಿಂತೆ, ಅಲ್ವಾ? ಸೆಕೆಂಡರಿಯಲ್ಲಿ ಇದಕ್ಕೇ ಹೊತ್ತು ಬದಲಾಯಿಸುತ್ತಾರೆ: ಈ ವಾರ ಮೊದಲ ಪೀರಿಯಡ್, ಮುಂದಿನ ವಾರ ಎರಡನೆಯದು. ಪ್ರೈಮರಿಯಲ್ಲಿ ಹೇಗೆ ಅಂತ ಆಫೀಸಿನಲ್ಲಿ ಕೇಳಿಕೊಳ್ಳಿ.

ಗುಂಪಿನ ಪಾಠ ಅಗ್ಗ. ಆದರೆ ಮೂರು ಮಕ್ಕಳು, 20 ನಿಮಿಷ ಅಂದರೆ ಯೋಚಿಸಿ. ಪೆಟ್ಟಿಗೆ ತೆಗೆದು, ಕಮಾನು ಬಿಗಿ ಮಾಡಿ, ರಾಳ ಉಜ್ಜಿ, ಟೀಚರ್ ಒಂದೊಂದೇ ಪಿಟೀಲು ಶ್ರುತಿ ಮಾಡುವಷ್ಟರಲ್ಲಿ ಕಾಲು ಭಾಗ ಹೋಗಿರುತ್ತದೆ. ಮನೆಯಲ್ಲಿ ದಿನಾ ಹತ್ತು ನಿಮಿಷ ಕೂರಿಸದಿದ್ದರೆ ಸುಮ್ನೆ ದುಡ್ಡು ದಂಡ.

ಪಿಟೀಲು ಈಗಲೇ ಕೊಳ್ಳಬೇಡಿ. ಮಗು ಬೆಳೆದ ಹಾಗೆ ಅರ್ಧ, ಮುಕ್ಕಾಲು ಅಂತ ಅಳತೆ ಬದಲಾಗುತ್ತದೆ. ಮ್ಯೂಸಿಕ್ ಸರ್ವಿಸ್ ಬಾಡಿಗೆಗೆ ಕೊಡುತ್ತದೆ. ಮುಂದೆ ಕೊಳ್ಳುವಾಗ ಸರ್ಕಾರಿ ಶಾಲೆಯ ಮೂಲಕ ಕೊಂಡರೆ 20% ವ್ಯಾಟ್ ಉಳಿಸುವ ಯೋಜನೆ ಇದೆ, ವಿಚಾರಿಸಿ. ನಡುವೆ ಬಿಡಿಸುವುದಾದರೆ ಮುಂಚೆಯೇ ಬರೆದು ತಿಳಿಸಬೇಕು. ಎಷ್ಟು ಮುಂಚೆ ಅನ್ನೋದು ಫಾರಂನಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಸಹಿ ಹಾಕುವಾಗ ಓದಿ.

ನಮ್ಮವರಲ್ಲಿ ಗ್ರೇಡ್ ಪರೀಕ್ಷೆಯ ಹುಚ್ಚು ಸ್ವಲ್ಪ ಜಾಸ್ತಿ. ಸಂಗೀತ ಪರೀಕ್ಷೆ ನಡೆಸುವ ಎಬಿಆರ್‌ಎಸ್‌ಎಂ ಸಂಸ್ಥೆಯಲ್ಲಿ 1ರಿಂದ 8ರವರೆಗೆ ಗ್ರೇಡ್ ಇದೆ, 6ರಿಂದ ಮೇಲಿನವಕ್ಕೆ ಯೂನಿವರ್ಸಿಟಿ ಅರ್ಜಿಯಲ್ಲಿ ಯೂಕಾಸ್ ಪಾಯಿಂಟ್ (ಪ್ರವೇಶಕ್ಕೆ ಲೆಕ್ಕಕ್ಕೆ ಬರುವ ಅಂಕ) ಸಿಗುತ್ತದೆ, ನಿಜ. ನನ್ನ ಕೇಳಿದರೆ ಶಾಲೆಯ ಆರ್ಕೆಸ್ಟ್ರಾಗೆ ಸೇರಿಸುವುದು ಮೇಲು. ಹದಿನಾರರ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಸಂಗೀತದಲ್ಲಿ 30% ಅಂಕ ನುಡಿಸುವುದಕ್ಕೇ, ಅದರಲ್ಲಿ ಬೇರೆಯವರ ಜೊತೆ ನುಡಿಸುವುದೂ ಸೇರಿದೆ.

ಶನಿವಾರದ ಕರ್ನಾಟಕ ಸಂಗೀತದ ಪಿಟೀಲು ಪಾಠವನ್ನೂ ಜೊತೆಗೇ ಶುರು ಮಾಡಿಸಲಾ ಅಂದಿರಿ. ಒಂದು ವರ್ಷ ತಡೆಯಿರಿ. ಸ್ಕೂಲಿನಲ್ಲಿ ನಿಂತು ಗದ್ದಕ್ಕೆ ಒತ್ತಿ ಹಿಡಿಯಬೇಕು, ತಂತಿಗಳು ಜಿ ಡಿ ಎ ಇ. ನಮ್ಮಲ್ಲಿ ಚಕ್ಕಳಮಕ್ಕಳ ಕೂತು, ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟು, ಸ ಪ ಸ ಪ ಶ್ರುತಿ. ಎಂಟು ವರ್ಷದ ಮಗುವಿಗೆ ಎರಡೂ ಒಟ್ಟಿಗೆ ಕಷ್ಟ.

ಸ್ಕಾಟ್ಲೆಂಡಿನಲ್ಲಿರುವವರಿಗೆ: ನಿಮ್ಮಲ್ಲಿ 2021ರಿಂದ ಕೌನ್ಸಿಲ್ (ಸ್ಥಳೀಯ ಆಡಳಿತ) ನಡೆಸುವ ಶಾಲೆಗಳಲ್ಲಿ ಈ ಪಾಠಕ್ಕೆ ಫೀಸೇ ಇಲ್ಲ. ಸೀಟು ಮಾತ್ರ ಎಲ್ಲರಿಗೂ ಸಿಗಲ್ಲ, ಹೆಸರು ಬೇಗ ಕೊಡಿ.