ಮನೆಯಲ್ಲೇ ಮರಿಯಾದ ಕ್ಲೌನ್ ಮೀನು ಬೆಳೆಸಲು ಟ್ಯಾಂಕ್ ಹೇಗೆ ಕಟ್ಟಲಿ? ಅನುಭವ ಇದ್ದವರು ಹೇಳಿ

ಪೆರ್ಲದ ತೋಟದವ
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಒಂದು ಜೊತೆ ಒಸೆಲ್ಲಾರಿಸ್ ಜಾತಿಯ ಕ್ಲೌನ್ ಮೀನು ಉಂಟು. ತಪ್ಪದೆ ಮೊಟ್ಟೆ ಇಡುತ್ತವೆ. ಈ ಸಲ ಮರಿಗಳ ಮೊದಲ ತಿಂಡಿಯಾದ ರೋಟಿಫರ್ (ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ) ಕೈಕೊಡಲಿಲ್ಲ, ಮರಿಗಳಿಗೆ ಬಿಳಿ ಪಟ್ಟೆ ಬಂದಿದೆ. 150ರ ಮೇಲೆ ಇರಬಹುದು. ಎಲ್ಲವೂ ಒಂದೇ 2 ಅಡಿ ಟ್ಯಾಂಕಿನಲ್ಲಿ, ಈಗ ಒಂದರ ಬಾಲ ಇನ್ನೊಂದು ಕಚ್ಚಲು ಶುರು ಮಾಡಿವೆ. ಅಂಗಡಿಗೆ ಕೊಡುವ ಗಾತ್ರಕ್ಕೆ, ಅಂದ್ರೆ ಒಂದೂವರೆ ಇಂಚಿಗೆ ಬೆಳೆಸಬೇಕು. ಅಡಿಕೆ ಅಂಗಳದ ಬದಿಯ ಶೆಡ್ಡಿನಲ್ಲಿ ಜಾಗ ಉಂಟು. ಎಲ್ಲ ಟ್ಯಾಂಕಿಗೂ ಒಂದೇ ಸಂಪ್ (ನೀರೆಲ್ಲ ಇಳಿದು ಸೋಸಿ ವಾಪಸ್ ಹೋಗುವ ಕೆಳಗಿನ ತೊಟ್ಟಿ) ಮಾಡಲಾ, ಒಂದೊಂದಕ್ಕೂ ಬೇರೆ ಸ್ಪಂಜ್ ಫಿಲ್ಟರ್ ಸಾಕಾ? ಒಂದು ಟ್ಯಾಂಕಿಗೆ ಎಷ್ಟು ಮರಿ ಬಿಡಬಹುದು? ಬಜೆಟ್ 40 ಸಾವಿರ.

ಉಪ್ಪಳದ ಉಪ್ಪುನೀರು
ಸಂಪ್. ಬೇರೆ ಮಾತೇ ಇಲ್ಲ.

ನನ್ನದು 8 ಟ್ಯಾಂಕ್. ಒಂದೊಂದೂ 2 ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ಟ್ಯಾಂಕಿಗೆ 1,900ರಂತೆ 15,200. ತೂತು ಕೊರೆಯಲು 150ರಂತೆ 1,200. ಕೊರೆಯುವಾಗ ಎರಡು ಟ್ಯಾಂಕ್ ಬಿರುಕು ಬಿಟ್ಟವು. ಗಾಜಿನ ಅಂಗಡಿಯವರು "ಕೊರೆಯಿರಿ ಅಂತ ಹೇಳಿದ್ದು ನೀವೇ ಅಲ್ವಾ" ಅಂತ ಕೈ ತೊಳೆದರು. ಅಲ್ಲಿಗೆ ಇನ್ನೊಂದು 3,800. ಕಬ್ಬಿಣದ ಸ್ಟ್ಯಾಂಡ್ 11,500. ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು, ಎಪಾಕ್ಸಿ ಪೈಂಟಿಗೆ 1,400. ಪಿವಿಸಿ ಪೈಪ್, ಬಾಲ್ ವಾಲ್ವ್, ಯೂನಿಯನ್ ಎಲ್ಲ ಸೇರಿ 6,300. ಪಂಪ್ 4,800. ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್ 9,000. ರೋಗಾಣು ಕೊಲ್ಲುವ ಯುವಿ ದೀಪ 3,600. ಸಂಪ್ ಟ್ಯಾಂಕ್ 2,700. ಒಟ್ಟು 59,500. ಇದರಲ್ಲಿ ಉಪ್ಪೂ ಇಲ್ಲ, ಇನ್ವರ್ಟರೂ ಇಲ್ಲ.

ಆದರೆ ಇವತ್ತು ನನಗೆ ಚಿಂತೆ ಇಲ್ಲ. ಸಾವಿರ ಲೀಟರ್ ನೀರು ಒಂದೇ ಆಗಿ ತಿರುಗುತ್ತದೆ. ಒಂದು ಟ್ಯಾಂಕಿನಲ್ಲಿ ತಿಂಡಿ ಜಾಸ್ತಿ ಬಿದ್ದರೂ ಅಮೋನಿಯಾ ವಿಷ ಬೇಗ ಏರುವುದಿಲ್ಲ. ನೀರು ಬದಲಿಸುವುದೂ ಒಂದೇ ಕಡೆ. ಸಂಪನ್ನು ಯಾವತ್ತೂ ಅರ್ಧಕ್ಕಿಂತ ಮೇಲೆ ತುಂಬಿಸಬೇಡಿ. ಕರೆಂಟ್ ಹೋದಾಗ ಮೇಲಿನ ನೀರೆಲ್ಲ ಕೆಳಗೆ ಬರುತ್ತದೆ. ವಾಪಸ್ ಹೋಗುವ ಪೈಪಿಗೆ ನೀರಿನ ಮಟ್ಟದ ಹತ್ರ ಒಂದು ಸಣ್ಣ ತೂತು ಇರಲಿ, ಇಲ್ಲದಿದ್ದರೆ ಸೈಫನ್ ಆಗಿ ಮರಿ ಮೇಲೆ, ನೀರು ನೆಲದ ಮೇಲೆ.

ಕುಂಬಳೆ ಮೀನಪ್ಪ
ಉಪ್ಪಳದವರ ಮಾತು ಕೇಳಿ ಸಂಪ್ ಮಾಡಿದವರಲ್ಲಿ ನಾನೂ ಒಬ್ಬ. ಮಾಡಿ ಉಂಡದ್ದು ಎಂತ ಅಂತ ಹೇಳುತ್ತೇನೆ.

ವೆಲ್ವೆಟ್, ಮೀನಿನ ಮೈಗೆ ಕಿವಿರಿಗೆ ಹತ್ತುವ ಪರಾವಲಂಬಿ ರೋಗ. ಒಂದು ಟ್ಯಾಂಕಿನ ಮರಿಗಳು ಬೆಳಿಗ್ಗೆ ಗಾಳಿಕಲ್ಲಿನ ಹತ್ರ ಗುಂಪು ಕಟ್ಟಿ ಬಾಯಿ ಬಿಡುತ್ತಿದ್ದವು. ತಿಂಡಿಗೆ ಬರಲಿಲ್ಲ. ಟಾರ್ಚ್ ಅಡ್ಡ ಹಿಡಿದು ನೋಡಿದರೆ ಮೈಮೇಲೆ ಬಂಗಾರದ ಹುಡಿ ಹಾಗೆ. ಮರುದಿನ ಪಕ್ಕದ ಟ್ಯಾಂಕ್, ಆಮೇಲೆ ಎಲ್ಲದರಲ್ಲೂ. 340 ಮರಿ. ಅಂಗಡಿಯವರು 70 ರೂಪಾಯಿ ಹೇಳಿದ್ದರು, ಲೆಕ್ಕ ಹಾಕಿದರೆ 23,800 ಸೀದಾ ತೆಂಗಿನ ಬುಡಕ್ಕೆ. ಯುವಿ ಇತ್ತು. ಯುವಿಯ ಒಳಗೆ ಹೋದ ರೋಗಾಣು ಮಾತ್ರ ಸಾಯುವುದು ಮಾರಾಯ್ರೇ, ಮೀನಿನ ಕಿವಿರಿನಲ್ಲಿ ಕೂತದ್ದು ಅಲ್ಲೇ ಕೂತಿರುತ್ತದೆ.

ಈಗ ಬೇರೆ ಬೇರೆ ಟ್ಯಾಂಕ್. ಒಂದೊಂದಕ್ಕೆ ಎರಡು ಸ್ಪಂಜ್ ಫಿಲ್ಟರ್, 120 ರೂಪಾಯಿಯದ್ದು. ಎಲ್ಲಕ್ಕೂ ಒಂದು ಏರ್ ಬ್ಲೋವರ್. ಟ್ಯಾಂಕಿಗೊಂದು ಬಲೆ, ಟ್ಯಾಂಕಿಗೊಂದು ಪೈಪ್. ಕೆಲಸ ಜಾಸ್ತಿ, ಹೌದು. ರಾತ್ರಿ ನಿದ್ರೆ ಬರುತ್ತದೆ.

ಉಪ್ಪಳದ ಉಪ್ಪುನೀರು
ಪೂರ್ತಿ ಹೇಳಿ ಕುಂಬಳೆಯವರೇ. ಅಂಗಡಿಯಿಂದ ಹೊಸ ಜೊತೆ ತಂದು ಅದೇ ಲೈನಿನಲ್ಲಿ ಬಿಟ್ಟದ್ದು ಯಾರು? ಹೊರಗಿನ ಮೀನು ಬೇರೆ ಕೋಣೆಯಲ್ಲಿ ತಿಂಗಳು ಇರಬೇಕು. ಅದು ಸಂಪಿನ ತಪ್ಪಾ?

ಕುಂಬಳೆ ಮೀನಪ್ಪ
ಬಿಟ್ಟದ್ದು ಬೇರೆ ಟ್ಯಾಂಕಿಗೆ. ಅಲ್ಲಿಂದ ಬಲೆಯಲ್ಲಿ ಬಂದಿರಬೇಕು. ರೋಗ ಇರುವ ಮೀನನ್ನು "ಗ್ಯಾರಂಟಿ ಮಾಲು" ಅಂತ ಕೊಟ್ಟ ಅಂಗಡಿಯವರನ್ನು ಕೇಳಿ. ಬಲೆ ಒಂದು ಟ್ಯಾಂಕಿಗೆ ತಂದದ್ದನ್ನು ಎಂಟಕ್ಕೂ ಹಂಚಿದ್ದು ನಿಮ್ಮ ಸಂಪ್.

ಮುಳ್ಳೇರಿಯ ಕೃಷಿಕ
ವೆಲ್ವೆಟ್ಟಿಗೆ ಇಷ್ಟು ರಂಪ ಎಂತಕ್ಕೆ? ತಾಮ್ರ ಹಾಕಿದರೆ ಹೋಗುತ್ತದೆ. ಪ್ರತಿ ಅಡಿಕೆ ಮನೆಯಲ್ಲೂ ಮೈಲುತುತ್ತ (ಕಾಪರ್ ಸಲ್ಫೇಟ್) ಉಂಟಲ್ಲ. ಕೊಳೆರೋಗಕ್ಕೆ ಬಿಡುವುದರಲ್ಲಿ ಒಂದು ಚಿಟಿಕೆ ಸಾಕು.

ನೀರ್ಚಾಲಿನ ಟೀಚರ್
ಅಣ್ಣ, ದಯವಿಟ್ಟು ಇಂಥದ್ದು ಬರೆಯಬೇಡಿ. ಯಾರಾದ್ರೂ ಮಾಡಿಯಾರು. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. 100 ಲೀಟರಿಗೆ 1 ಗ್ರಾಂ ಬಿದ್ದರೆ ಲೀಟರಿಗೆ 2.5 ಮಿಲಿಗ್ರಾಂ ಆಯಿತು. ಔಷಧಕ್ಕೆ ಬೇಕಾದದ್ದು 0.15ರಿಂದ 0.2. ಹತ್ತು ಪಾಲಿಗಿಂತ ಜಾಸ್ತಿ! ಚಿಟಿಕೆ ಅಂದ್ರೆ ಎಷ್ಟು ಗ್ರಾಂ? ತೂಕದ ಯಂತ್ರ, ತಾಮ್ರದ ಟೆಸ್ಟ್ ಕಿಟ್ ಇಲ್ಲದವರು ಮುಟ್ಟಲೇಬಾರದು. ಫಿಲ್ಟರಿಗೆ ಮರುವಾಯಿ, ಅಂದ್ರೆ ಕಪ್ಪೆಚಿಪ್ಪು ಹಾಕಿದ್ದರೆ ಅದು ತಾಮ್ರವನ್ನು ಹೀರಿಕೊಳ್ಳುತ್ತದೆ. ಕಡಿಮೆ ಆಯಿತು ಅಂತ ನೀವು ಮತ್ತೆ ಹಾಕುತ್ತೀರಿ.

ನಮ್ಮಲ್ಲಿ ಆದದ್ದೇ ಬೇರೆ. ಅಡಿಕೆಗೆ ಮದ್ದು ಬಿಡಲು ಬಂದವರು ಬೋರ್ಡೋ (ಮೈಲುತುತ್ತ, ಸುಣ್ಣದ ಮದ್ದು) ಕಲಸಿದ ಡ್ರಮ್ಮಿನಲ್ಲೇ ನನ್ನ ಸಮುದ್ರದ ನೀರು ತುಂಬಿಸಿಟ್ಟರು. ತೊಳೆದಿದ್ದೇವೆ ಅಂದರು. ರೋಟಿಫರ್ ಬಕೆಟ್ ಎಲ್ಲ ಒಂದೇ ರಾತ್ರಿಗೆ ತಿಳಿನೀರು. ತಿಂಡಿ ಇಲ್ಲದೆ ಆಗ ಒಡೆದ ಮರಿಗಳು ಪೂರ್ತಿ ಹೋದವು. ಪೆರ್ಲದವರ ಶೆಡ್ಡು ಅಂಗಳದ ಬದಿಯಲ್ಲಂತೆ. ಮದ್ದು ಬಿಡುವ ದಿನ ಕಿಟಕಿ ಮುಚ್ಚಿ, ಬ್ಲೋವರ್ ಗಾಳಿ ಎಳೆಯುವುದು ತೋಟದ ಕಡೆಯಿಂದ ಆಗದ ಹಾಗೆ ನೋಡಿ.

ಮುಳ್ಳೇರಿಯ ಕೃಷಿಕ
ನನ್ನ ಮೀನು ಬದುಕಿವೆ. ನಿಮ್ಮ ಲೆಕ್ಕ ನಿಮಗೇ ಇರಲಿ ಟೀಚರೇ.

ಮಂಜೇಶ್ವರದ ದೋಣಿ
ಎಲ್ಲರೂ ಟ್ಯಾಂಕ್ ಬಗ್ಗೆ ಮಾತಾಡುತ್ತೀರಿ, ನೀರು ಎಲ್ಲಿಂದ? ಅಕ್ವೇರಿಯಂ ಉಪ್ಪು ಕಲಸಿದರೆ ಸಾವಿರ ಲೀಟರಿಗೆ 35 ಕಿಲೋ ಮೇಲೆ ಬೇಕು. ಕಿಲೋಗೆ 160 ಹಿಡಿದರೂ 5,600. ವಾರವಾರ ಕಾಲು ಭಾಗ ಬದಲಿಸಿದರೆ ತಿಂಗಳಿಗೆ ಮತ್ತೆ ಅಷ್ಟೇ. ಮೀನು ಮಾರಿ ಉಪ್ಪು ಕೊಂಡ ಹಾಗಾಯಿತು.

ನಾನು ದೋಣಿಯವರ ಹತ್ರ ದಡದಿಂದ ದೂರದ ಸಮುದ್ರದ ನೀರು ತರಿಸುತ್ತೇನೆ. ದಡದ ನೀರು ಬೇಡ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆ, ಮಳೆಗಾಲದಲ್ಲಿ ಎಲ್ಲ ಬಂದು ಬೀಳುವುದು ಅಲ್ಲಿಗೇ. ಜುಲೈಯಲ್ಲಿ ಅಳಿವೆ ಹತ್ರ ನೀರು ತೆಗೆದರೆ ಕೆಂಪು ಮಣ್ಣು, ಉಪ್ಪು ಅರ್ಧವೂ ಇರುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲೇ ತುಂಬಿಸಿಡಬೇಕು. ಬಟ್ಟೆಯಲ್ಲಿ ಸೋಸಿ, ಸಾವಿರ ಲೀಟರಿಗೆ 40 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್, ಒಂದು ದಿನ ಬಿಟ್ಟು ಜೋರು ಗಾಳಿ, ಆಮೇಲೆ ಉಳಿದ ಕ್ಲೋರಿನ್ ತೆಗೆಯಲು ಹೈಪೋ. ಕ್ಲೋರಿನ್ ಟೆಸ್ಟ್ ಮಾಡದೆ ಬಳಸಬೇಡಿ. ಆವಿಯಾಗಿ ಇಳಿದ ಜಾಗಕ್ಕೆ ಸಿಹಿನೀರು ಮಾತ್ರ, ಉಪ್ಪು ಆವಿಯಾಗುವುದಿಲ್ಲ. ಬಾಯಾರಿನ ನಮ್ಮ ಭಾವನ ಸುರಂಗದ (ಗುಡ್ಡ ಕೊರೆದು ಮಾಡಿದ ಬಾವಿಯ) ನೀರು ಇದಕ್ಕೆ ಒಳ್ಳೆಯದು.

ಉಪ್ಪಳದ ಉಪ್ಪುನೀರು
ಸಮುದ್ರದ ನೀರಿನ ಜೊತೆ ರೋಗವೂ ಉಚಿತ.

ಮಂಜೇಶ್ವರದ ದೋಣಿ
ಬ್ಲೀಚ್ ಅಂತ ಬರೆದದ್ದು ಕಾಣಲಿಲ್ವಾ? ಓದಿ ಮಾತಾಡಿ.

ಪೆರ್ಲದ ತೋಟದವ
ತುಂಬಾ ಉಪಕಾರ. ಸಮುದ್ರದಿಂದ ಒಂದೆರಡು ಜೀವಂತ ಕಲ್ಲು (ಕೊಳೆ ತಿನ್ನುವ ಬ್ಯಾಕ್ಟೀರಿಯಾ ಕೂತ ಕಲ್ಲು) ತಂದು ಹಾಕಿದರೆ ಫಿಲ್ಟರ್ ಬೇಗ ತಯಾರಾಗುತ್ತದಾ? ಮತ್ತೆ ಟ್ಯಾಂಕಿಗೆ ಎಷ್ಟು ಮರಿ ಅಂತ ಯಾರೂ ಹೇಳಲಿಲ್ಲ.

ಮಂಜೇಶ್ವರದ ದೋಣಿ
ಕಲ್ಲಿನ ಸುದ್ದಿಗೆ ಹೋಗಬೇಡಿ. ಹವಳ ವನ್ಯಜೀವಿ ಕಾನೂನಿನ ಮೊದಲ ಪಟ್ಟಿಯಲ್ಲಿ ಉಂಟು, ಹುಲಿಗೆ ಇರುವ ರಕ್ಷಣೆಯೇ. ಕಲ್ಲಿನ ಮೇಲೆ ಹವಳ ಅಂಟಿದ್ದರೆ ಕೇಸು. ನಿಮ್ಮ ಹಳೆಯ ಟ್ಯಾಂಕಿನ ಸ್ಪಂಜ್ ಹಿಂಡಿ ಹೊಸ ಸ್ಪಂಜಿಗೆ ಹಾಕಿ, ಸಾಕು.

ನೀರ್ಚಾಲಿನ ಟೀಚರ್
ಮರಿಗಳ ಸಂಖ್ಯೆಗೆ ಬರುತ್ತೇನೆ. ನಾನು ಗಾಜಿಗೆ ದುಡ್ಡೇ ಹಾಕಲಿಲ್ಲ. 100 ಲೀಟರಿನ ಪ್ಲಾಸ್ಟಿಕ್ ಟಬ್, 650 ರೂಪಾಯಿ. ಅಡಿಯಲ್ಲಿ ಮರಳಿಲ್ಲ, ಕಲ್ಲಿಲ್ಲ, ಬೆಳಿಗ್ಗೆ ಸಂಜೆ ಪೈಪಿನಲ್ಲಿ ಕಸ ಎಳೆಯುವುದು. ಟಬ್ಬಿಗೆ 60 ಮರಿ. ಕಡಿಮೆ ಬಿಟ್ಟರೆ ಜಗಳ ಜಾಸ್ತಿ. ಕ್ಲೌನ್ ಮರಿಗಳಲ್ಲಿ ಮೊದಲು ಹೆಣ್ಣೇ ಇಲ್ಲ, ಎಲ್ಲಕ್ಕಿಂತ ದೊಡ್ಡದು ಯಜಮಾನಿಕೆ ಹಿಡಿದು ಮುಂದೆ ಹೆಣ್ಣಾಗುತ್ತದೆ, ಉಳಿದವನ್ನು ಬೆಳೆಯಲು ಬಿಡುವುದಿಲ್ಲ. ಹತ್ತು ಮರಿ ಇದ್ದರೆ ಮೂಲೆಯಲ್ಲಿದ್ದದ್ದು ಸತ್ತೇಹೋಗುತ್ತದೆ. ಗುಂಪು ದೊಡ್ಡದಿದ್ದರೆ ಯಾರಿಗೆ ಅಂತ ಕಚ್ಚುವುದು? ಗಾತ್ರ ನೋಡಿ ವಿಂಗಡಿಸುತ್ತಾ ಇರಬೇಕು. ದೊಡ್ಡದನ್ನು ತೆಗೆದರೆ ಎರಡನೆಯದು ಯಜಮಾನ, ಅದು ಮುಗಿಯುವ ಕೆಲಸ ಅಲ್ಲ.

ಕಿವಿರಿನ ಮುಚ್ಚಳ ಮಡಚಿದವು, ಪಟ್ಟೆ ಅರ್ಧಕ್ಕೆ ನಿಂತವು ಬಂದರೆ ನಾನು ಮಾರುವುದಿಲ್ಲ. ಉಪ್ಪಳದವರು ಅರ್ಧ ಪಟ್ಟೆಯನ್ನು "ಡಿಸೈನರ್" ಅಂತ 200ಕ್ಕೆ ಕೊಡುತ್ತಾರೆ ಅಂತ ಕೇಳಿದ್ದೇನೆ.

ಉಪ್ಪಳದ ಉಪ್ಪುನೀರು
ಕೊಡುತ್ತೇನೆ. ತೆಗೆದುಕೊಳ್ಳುವವರಿಗೆ ಇಷ್ಟ, ಮೀನಿಗೆ ಎಂತ ತೊಂದರೆ? ಆರೋಗ್ಯ ಇರುವ ಮೀನನ್ನು ಪಟ್ಟೆ ಕಡಿಮೆ ಅಂತ ಕೊಲ್ಲುವುದು ಯಾವ ನ್ಯಾಯ ಟೀಚರೇ?

ನೀರ್ಚಾಲಿನ ಟೀಚರ್
ಕೊಲ್ಲುತ್ತೇನೆ ಅಂತ ಎಲ್ಲಿ ಬರೆದೆ? ಮಕ್ಕಳ ಶಾಲೆಯ ಟ್ಯಾಂಕಿಗೆ ಕೊಡುತ್ತೇನೆ. ಮರಿಯಾಗಿದ್ದಾಗ ತಿಂಡಿ ಸರಿ ಇಲ್ಲದೆಯೂ ಪಟ್ಟೆ ತಪ್ಪುತ್ತದೆ. ಅದನ್ನು ತಳಿ ಅಂತ ಮಾರುವುದು ಮೋಸ.

ಕುಂಬಳೆ ಮೀನಪ್ಪ
ಪೆರ್ಲದವರೇ, ಇವರ ಜಗಳ ಮುಗಿಯುವುದಿಲ್ಲ. ಟಬ್ಬೋ ಗಾಜೋ, ಮೂರು ಸಾಕು ಈಗ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಮೊದಲು ತೆಗೆದುಕೊಳ್ಳಿ. ಗುಡುಗು ಬಂದ ರಾತ್ರಿ ಅದಿಲ್ಲದಿದ್ದರೆ ಉಳಿದದ್ದೆಲ್ಲ ದಂಡ. ನನ್ನ ಹತ್ರ ಹಳೆಯ ಸ್ಪಂಜ್ ಕೆಲವು ಉಂಟು, ಕುಂಬಳೆಗೆ ಬಂದರೆ ಸುಮ್ನೆ ಕೊಡುತ್ತೇನೆ.

ಉಪ್ಪಳದ ಉಪ್ಪುನೀರು
ವೆಲ್ವೆಟ್ ಸಮೇತವಾ?

ಕುಂಬಳೆ ಮೀನಪ್ಪ
ಬ್ಲೀಚಿಗೆ ಹಾಕಿ ಬಿಸಿಲಿಗೆ ಒಣಗಿಸಿದ್ದು ಮಾರಾಯ್ರೇ. ನಿಮ್ಮ ಒಂದು ಸ್ಕಿಮ್ಮರಿನ ದುಡ್ಡಿಗೆ ಇಂಥದ್ದು 75 ಬರುತ್ತದೆ, ಲೆಕ್ಕ ಹಾಕಿ ನೋಡಿ.