ಆ ಸೂತ್ರ ಯಾರಿಗೂ ಕಳಿಸಬೇಡಿ ಭಾವ

ಅಂಕೋಲಾ ಮನೆಮಂದಿ ಗುಂಪು, ಶನಿವಾರ ಸಂಜೆ

ಮಂಜುನಾಥ: (ಫಾರ್ವರ್ಡ್) ಕ್ಯಾಸಿನೋದವರು ಮುಚ್ಚಿಡುವ ಗುಟ್ಟು! ರೂಲೆಟ್‌ನಲ್ಲಿ (ಚಕ್ರ ತಿರುಗಿಸಿ, ಚೆಂಡು ಕೆಂಪು, ಕಪ್ಪು ಮನೆಗಳಲ್ಲಿ ಎಲ್ಲಿ ಬೀಳುತ್ತದೆ ಅಂತ ಬಾಜಿ ಕಟ್ಟುವ ಆಟ) ಕೆಂಪಿನ ಮೇಲೆ 500 ಹಾಕಿ. ಸೋತರೆ 1,000. ಮತ್ತೆ ಸೋತರೆ 2,000. ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ. ಒಮ್ಮೆ ಕೆಂಪು ಬಿದ್ದರೆ ಹೋದದ್ದೆಲ್ಲ ವಾಪಸ್, ಮೇಲೆ 500 ಲಾಭ. ಸೋಲುವ ಮಾತೇ ಇಲ್ಲ!

ಮಂಜುನಾಥ: ಸಂದೀಪ, ಮುಂದಿನ ವಾರ ಗೋವಾಕ್ಕೆ ಹೊರಟಿದ್ದೀಯಲ್ಲ, ನಿನಗೇ ಹಾಕಿದ್ದು.

ಸಂದೀಪ: ಸೂಪರ್ ಭಾವ. ಲೆಕ್ಕ ಸರಿಯಾಗೇ ಇದೆಯಲ್ಲ!

ಲಲಿತಾ: ಮಂಗೇಶಿ, ಶಾಂತಾದುರ್ಗಾ ದೇವಸ್ಥಾನ ನೋಡಿಕೊಂಡು ಬರುತ್ತೇವೆ ಅಂದಿದ್ದೆಯಲ್ಲ ಸಂದೀಪ. ಇದು ಯಾವಾಗ ಸೇರಿತು?

ಶುಭಾ: ಭಾವ, ಇದನ್ನು ದಯವಿಟ್ಟು ಡಿಲೀಟ್ ಮಾಡಿ. ನಾನು ಪಣಜಿಯ ಕ್ಯಾಸಿನೋದಲ್ಲಿ ಅದೇ ರೂಲೆಟ್ ಟೇಬಲ್ ಹಿಂದೆ ನಿಂತು ಕೆಲಸ ಮಾಡಿದವಳು. ಈ ಸೂತ್ರ ನಂಬಿಕೊಂಡು ಬಂದವರು ಎಷ್ಟೋ ಜನ. ಎದ್ದು ಹೋಗುವಾಗ ಅವರ ಮುಖ ಹೇಗಿರುತ್ತಿತ್ತು ಅಂತ ನನಗೆ ಗೊತ್ತು.

ಗಣಪತಿ: ಸೂತ್ರವೂ ಇಲ್ಲ, ಎಂಥದ್ದೂ ಇಲ್ಲ. ಅಲ್ಲಿರುವುದು ಬರೀ ಮೋಸ. ಟೇಬಲ್ ಅಡಿಗೆ ಆಯಸ್ಕಾಂತ ಇಟ್ಟಿರುತ್ತಾರೆ. ಚೆಂಡು ಎಲ್ಲಿ ಬೀಳಬೇಕು ಅಂತ ಅವರೇ ತೀರ್ಮಾನ ಮಾಡುವುದು.

ಶುಭಾ: ಮಾವ, ಅವರಿಗೆ ಆಯಸ್ಕಾಂತದ ಅಗತ್ಯವೇ ಇಲ್ಲ. ಒಂದೇ ಸೊನ್ನೆ ಇರುವ ಚಕ್ರದಲ್ಲಿ 37 ಮನೆ. 1ರಿಂದ 36, ಜೊತೆಗೆ ಹಸಿರು ಸೊನ್ನೆ. ಒಂದೊಂದು ಮನೆಯ ಮೇಲೂ 100 ರೂಪಾಯಿ ಇಡಿ. ಒಟ್ಟು 3,700 ಆಯಿತು. ಚೆಂಡು ಎಲ್ಲಿ ಬಿದ್ದರೂ ನಿಮಗೆ ಸಿಗುವುದು ಒಂದಕ್ಕೆ 35ರ ಲೆಕ್ಕದಲ್ಲಿ 3,500, ಮತ್ತು ಇಟ್ಟ 100. ಅಂದರೆ 3,600. ನೂರು ರೂಪಾಯಿ ಹೋಯಿತು. ಯಾರೂ ಮೋಸ ಮಾಡಲಿಲ್ಲ. ಲೈಸೆನ್ಸ್ ಕಳೆದುಕೊಳ್ಳುವ ಕೆಲಸಕ್ಕೆ ಅವರು ಯಾಕೆ ಕೈ ಹಾಕುತ್ತಾರೆ ಹೇಳಿ? ಎಲ್ಲ ನಿಯಮದ ಪ್ರಕಾರ ನಡೆದರೇ ಅವರಿಗೆ ದುಡ್ಡು.

ಮಂಜುನಾಥ: ಹಾಗಾದರೆ ನೂರಕ್ಕೆ 2 ರೂಪಾಯಿ 70 ಪೈಸೆ. ಅದೇನು ದೊಡ್ಡದು? ಮಲ್ಟಿಪ್ಲೆಕ್ಸ್‌ನಲ್ಲಿ ಪಾಪ್‌ಕಾರ್ನ್‌ಗೆ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಶುಭಾ: ಅದು ನೀವು ತೆಗೆದುಕೊಂಡು ಹೋದ ಹಣಕ್ಕಲ್ಲ ಭಾವ, ಪ್ರತಿ ಬೆಟ್‌ಗೂ. ಎಲ್ಲರೂ ಎಡವುವುದು ಇಲ್ಲೇ. ಗಂಟೆಗೆ 40 ಸಲ ಚಕ್ರ ತಿರುಗಿತು, ಪ್ರತಿ ಸಲ 500 ಇಟ್ಟಿರಿ ಅಂತಿಟ್ಟುಕೊಳ್ಳಿ. ಜೇಬಿನಲ್ಲಿದ್ದದ್ದು 5,000 ಇರಬಹುದು, ಆದರೆ ನೀವು ಕಟ್ಟಿದ್ದು 20,000. ಅದರ ಮೇಲೆ 2.7. ಸರಾಸರಿ ಗಂಟೆಗೆ 540 ಹೋಯಿತು. ಗೆದ್ದದ್ದನ್ನೇ ಮತ್ತೆ ಮತ್ತೆ ಇಡುತ್ತೀರಲ್ಲ, ಇಟ್ಟಾಗಲೆಲ್ಲ ಕತ್ತರಿ. ಅದಕ್ಕೇ ಅಲ್ಲಿ ಊಟ, ಕುಡಿತ, ಹಾಡು, ಕುಣಿತ ಎಲ್ಲ ಇಟ್ಟಿರುವುದು. ನೀವು ಇನ್ನೊಂದು ಗಂಟೆ ಕೂತರೆ ಸಾಕು.

ಸಂದೀಪ: ಆದರೆ ದುಪ್ಪಟ್ಟು ಮಾಡಿದರೆ ಯಾವಾಗಲಾದರೂ ಕೆಂಪು ಬೀಳಲೇಬೇಕಲ್ವಾ ಶುಭಕ್ಕ?

ಶುಭಾ: ಬೀಳುತ್ತದೆ. ಅಲ್ಲಿಯವರೆಗೆ ನಿನ್ನ ದುಡ್ಡು ಉಳಿದಿರಬೇಕು, ಟೇಬಲ್‌ನವರೂ ಅಷ್ಟು ಹಾಕಲು ಬಿಡಬೇಕು. ಪ್ರತಿ ಟೇಬಲ್ ಪಕ್ಕ ಒಂದು ಸಣ್ಣ ಬೋರ್ಡ್ ಇರುತ್ತದೆ. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ. ಕನಿಷ್ಠ 500, ಗರಿಷ್ಠ 50,000 ಅಂತ ಹಿಡಿ. 500, 1,000, 2,000, 4,000, 8,000, 16,000, 32,000. ಏಳು ಸಲ ಸೋತರೆ 63,500 ಹೋಯಿತು. ಎಂಟನೆಯದಕ್ಕೆ 64,000 ಹಾಕಬೇಕು, ಹಾಕಲು ಬಿಡುವುದಿಲ್ಲ. ಆಟ ಅಲ್ಲಿಗೆ ಮುಗಿಯಿತು.

ಮಂಜುನಾಥ: ಸತತ ಏಳು ಸಲ ಸೋಲುವುದು ಅಂದರೆ ಅಪರೂಪ ಮಾರಾಯ್ತಿ.

ಶುಭಾ: ಅಷ್ಟೇನೂ ಅಪರೂಪ ಅಲ್ಲ. ಸುಮಾರು 106 ಸುತ್ತಿಗೆ ಒಂದು ಸಲ ಹಾಗಾಗುತ್ತದೆ. ಒಂದು ಸುತ್ತು ಅಂದರೆ 500ರಿಂದ ಶುರುಮಾಡಿ ಗೆಲ್ಲುವವರೆಗೆ, ಇಲ್ಲವೇ ಏಳೂ ಸೋಲುವವರೆಗೆ. 105 ಸಲ ಗೆದ್ದರೆ 52,500. ಒಮ್ಮೆ ಸೋತರೆ 63,500. ಕಳೆದು ನೋಡಿ, 11,000 ಕೈಬಿಟ್ಟಿತು. ಅಷ್ಟು ಸುತ್ತಿಗೆ ಐದಾರು ಗಂಟೆ ಸಾಕು, ಅಂದರೆ ಒಂದು ರಾತ್ರಿ. ಇದರಲ್ಲಿ ಕೆಟ್ಟದ್ದು ಏನು ಗೊತ್ತಾ? ಎಷ್ಟೋ ಸಲ ಮೊದಲ ಮೂರು ಗಂಟೆ ಸುಮ್ನೆ ಗೆಲ್ಲುತ್ತಾ ಇರುತ್ತೀರಿ. ಸೂತ್ರ ಕೆಲಸ ಮಾಡುತ್ತಿದೆ ಅಂತ ಪೂರ್ತಿ ನಂಬಿಕೆ ಬಂದಮೇಲೆ ಆ ಏಳು ಬರುತ್ತದೆ.

ಸಂದೀಪ: ಐದು ಸಲ ಕಪ್ಪು ಬಿದ್ದದ್ದು ನೋಡಿಕೊಂಡು ಆಮೇಲೆ ಕೆಂಪಿಗೆ ಹಾಕಿದರೆ?

ಶುಭಾ: ಹಿಂದೆ ಬಿದ್ದದ್ದು ಚೆಂಡಿಗೆ ನೆನಪಿರುವುದಿಲ್ಲ ಸಂದೀಪ. 1913ರ ಆಗಸ್ಟ್ 18ರಂದು ಯುರೋಪಿನ ಮಾಂಟೆ ಕಾರ್ಲೋ ಕ್ಯಾಸಿನೋದಲ್ಲಿ ಸತತ 26 ಸಲ ಕಪ್ಪು ಬಿತ್ತು. ಈಗ ಕೆಂಪೇ ಬರುತ್ತದೆ ಅಂತ ಜನ ಮೇಲಿಂದ ಮೇಲೆ ಸುರಿದು ಲಕ್ಷಾಂತರ ಕಳೆದುಕೊಂಡರು. ಟೇಬಲ್ ಪಕ್ಕ ಹಿಂದಿನ ನಂಬರ್‌ಗಳನ್ನು ತೋರಿಸುವ ಪರದೆ ಇರುತ್ತದೆ, ನೋಡುತ್ತೀಯ. ಅದರಿಂದ ನಿನಗೆ ಲಾಭ ಇದ್ದಿದ್ದರೆ ಅವರು ಅದನ್ನು ಹಾಕುತ್ತಲೇ ಇರಲಿಲ್ಲ.

ಲಲಿತಾ: ಇಷ್ಟೆಲ್ಲಾ ಗೊತ್ತಿದ್ದೂ ನೀನು ಅಲ್ಲಿ ದುಡಿದೆಯಲ್ಲ ಶುಭಾ. ಆಗಲೇ ನಿಮ್ಮ ಅಮ್ಮನಿಗೆ ಬೇಡ ಅಂದಿದ್ದೆ.

ಶುಭಾ: ಹೌದು ಚಿಕ್ಕಮ್ಮ, ಹೇಳಿದ್ದಿರಿ. ಸಂಬಳ ಚೆನ್ನಾಗಿತ್ತು, ಮನೆಗೆ ಬೇಕಿತ್ತು. ಆ ಕೆಲಸವನ್ನು ನಾನು ಹಗುರ ಮಾಡಿ ಮಾತಾಡುವುದಿಲ್ಲ. ಟ್ರೇನಿಂಗ್‌ನಲ್ಲಿ 17ರ ಮಗ್ಗಿ, 35ರ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಒಂದು ನಂಬರ್‌ಗೆ 35, ಎರಡು ನಂಬರ್ ನಡುವಿನ ಗೆರೆ ಮೇಲೆ ಇಟ್ಟರೆ 17, ನಾಲ್ಕರ ಮೂಲೆಗೆ 8. ಜನ ಸುತ್ತ ಕಿರುಚುತ್ತಿರುವಾಗ ತಪ್ಪಿಲ್ಲದೆ ಕೊಡಬೇಕು. ಜೇಬು ಮುಚ್ಚುವ ಹಾಗೆ ಏಪ್ರನ್. ಟೇಬಲ್ ಬಿಡುವಾಗ ಎರಡೂ ಅಂಗೈ ತಿರುಗಿಸಿ ಕ್ಯಾಮೆರಾಕ್ಕೆ ತೋರಿಸಬೇಕು, ಏನೂ ಹಿಡಿದುಕೊಂಡಿಲ್ಲ ಅಂತ. ಮೂಗು ತುರಿಸಿದರೂ ಆಮೇಲೆ ಅಂಗೈ ತೋರಿಸಬೇಕಿತ್ತು.

ಶುಭಾ: ಒಂದು ವಿಷಯ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಡುವವರು ನೋಟು ಕೈಗೆ ಕೊಡುವ ಹಾಗಿಲ್ಲ, ಟೇಬಲ್ ಮೇಲೆ ಇಡಬೇಕು. ನಾನು ಅದನ್ನು ಒಂದೊಂದಾಗಿ ಹರಡಿ, ಗಟ್ಟಿಯಾಗಿ ಎಣಿಸಿ, ಸೂಪರ್‌ವೈಸರ್ ತಲೆ ಆಡಿಸಿದ ಮೇಲೆ ಚಿಪ್ ಕೊಡಬೇಕು. ಆಮೇಲೆ ಟೇಬಲ್‌ನಲ್ಲಿರುವ ಸೀಳಿನೊಳಗೆ ನೋಟನ್ನು ಒಂದು ಪ್ಲಾಸ್ಟಿಕ್ ಪಟ್ಟಿಯಿಂದ ಒತ್ತಿ ಕೆಳಗಿನ ಡಬ್ಬಕ್ಕೆ ತಳ್ಳಬೇಕು. ಅಲ್ಲಿಂದ ಅದು ಹಣವಾಗಿ ಕಾಣುವುದೇ ಇಲ್ಲ, ಬಣ್ಣದ ಬಿಲ್ಲೆ. ಐನೂರರ ನೋಟು ಕೊಡಲು ಹಿಂದೆ ಮುಂದೆ ನೋಡುತ್ತಿದ್ದವರೇ ಐದು ಸಾವಿರದ ಬಿಲ್ಲೆಯನ್ನು ಹಾಗೇ ತಳ್ಳಿಬಿಡುತ್ತಿದ್ದರು.

ಮಂಜುನಾಥ: ನನ್ನ ಫ್ರೆಂಡ್ ಒಬ್ಬ ಅಲ್ಲೇ 80,000 ಗೆದ್ದು ಬಂದಿದ್ದಾನೆ. ಅದಕ್ಕೇನು ಹೇಳುತ್ತೀಯ?

ಶುಭಾ: ಗೆದ್ದಿರಬಹುದು. ದಿನಾ ಯಾರೋ ಒಬ್ಬರು ಗೆಲ್ಲುತ್ತಾರೆ, ಇಲ್ಲದಿದ್ದರೆ ಯಾರೂ ಬರುವುದೇ ಇಲ್ಲ. ಅವರು ಹಿಂದೆ ಹೋದಾಗೆಲ್ಲ ಏನಾಗಿತ್ತು ಅಂತಲೂ ಕೇಳಿ ನೋಡಿ.

ಗಣಪತಿ: ನನಗೆ ಅರ್ಥ ಆಗದ್ದು ಬೇರೆ. ನಮ್ಮೂರಲ್ಲಿ ಮರದಡಿ ಅಂದರ್ ಬಾಹರ್ ಆಡಿದರೆ ಪೊಲೀಸರು ಹಿಡಿಯುತ್ತಾರೆ, ಪೇಪರ್‌ನಲ್ಲಿ ಬರುತ್ತದೆ. ಅದೇ ಆಟ ಅಲ್ಲಿ ಎಸಿಯಲ್ಲಿ!

ಶುಭಾ: ಅದೇ ಆಟ ಮಾವ, ಒಂದು ವ್ಯತ್ಯಾಸ ಇದೆ. ಮೊದಲ ಎಲೆ ಅಂದರ್ ಕಡೆಗೆ ಬೀಳುವುದರಿಂದ ಅದು ನೂರಕ್ಕೆ ಸುಮಾರು 51.5 ಸಲ ಗೆಲ್ಲುತ್ತದೆ. ಅದಕ್ಕೇ ಅಂದರ್‌ಗೆ 1,000 ಇಟ್ಟು ಗೆದ್ದರೆ 900 ಮಾತ್ರ ಕೊಡುವ ಪದ್ಧತಿ. ಬಾಹರ್‌ಗೆ ಪೂರ್ತಿ 1,000, ಆದರೆ ಅದು ಗೆಲ್ಲುವುದೇ ಕಡಿಮೆ. ಎರಡೂ ಕಡೆ ಕ್ಯಾಸಿನೋದವರಿಗೇ ಪಾಲು. ಗೆದ್ದ ಖುಷಿಯಲ್ಲಿ ಆ ನೂರು ಯಾರ ಕಣ್ಣಿಗೂ ಬೀಳುವುದಿಲ್ಲ.

ಗಣಪತಿ: ಸರ್ಕಾರ ಹೇಗೆ ಬಿಡುತ್ತದೆ? 2025ರಲ್ಲಿ ಕೇಂದ್ರದವರು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಲ್ಲಿಸಿದರಲ್ಲ.

ಶುಭಾ: ಗೋವಾದಲ್ಲಿ 1976ರ ಜೂಜು ಕಾಯ್ದೆ ಇದೆ. ಅದಕ್ಕೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲ್‌ಗಳಲ್ಲಿ ಸ್ಲಾಟ್ ಮೆಷಿನ್‌ಗೆ ದಾರಿ ಮಾಡಿದರು, 1996ರಲ್ಲಿ ಹಡಗಿನ ಮೇಲಿನ ಆಟಕ್ಕೆ. ಮಾಂಡೋವಿ ನದಿಯಲ್ಲಿ ಕ್ಯಾಸಿನೋ ಹಡಗುಗಳು ನಿಂತದ್ದು ಹಾಗೆ. ನಮ್ಮ ಖಾನಾಪುರ ಕಡೆ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡೋವಿ, ಅದು ನನಗೆ ಯಾವಾಗಲೂ ಬೇಜಾರಿನ ವಿಷಯ. ಇನ್ನೊಂದು ಕೇಳಿ. 2020ರಿಂದ ಗೋವಾದವರೇ ಅಲ್ಲಿ ಆಡುವ ಹಾಗಿಲ್ಲ, ಅಲ್ಲಿನ ಸರ್ಕಾರವೇ ತಡೆದಿದೆ. ತನ್ನ ಜನಕ್ಕೆ ಬೇಡ ಅಂದದ್ದನ್ನು ಹೊರಗಿನವರಿಗೆ ತೆರೆದಿಟ್ಟಿದೆ. ಹೊರಗಿನವರು ಅಂದರೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ನಮ್ಮ ಹುಡುಗರೂ ಸೇರಿ.

ಲಲಿತಾ: ಕೇಳಿಸಿತೇನೋ ಸಂದೀಪ?

ಸಂದೀಪ: ಕೇಳಿಸಿತಮ್ಮ. ಟಿಕೆಟ್ ಆಗಲೇ ಬುಕ್ ಆಗಿದೆ, ಫ್ರೆಂಡ್ಸ್ ಎಲ್ಲ ಹೋಗುತ್ತಾರೆ. ಶುಭಕ್ಕ, ಕ್ಯಾಸಿನೋ ಒಳಗೆ ಹೋಗುವ ಟಿಕೆಟ್ ಜೊತೆ ಚಿಪ್ ಕೊಡುತ್ತಾರಂತೆ, ಅದನ್ನು ವಾಪಸ್ ಕೊಟ್ಟು ದುಡ್ಡು ತೆಗೆದುಕೊಳ್ಳಬಹುದಾ?

ಶುಭಾ: ಸಾಮಾನ್ಯವಾಗಿ ಆಗುವುದಿಲ್ಲ, ಅವು ಒಂದು ಸಲ ಆಡಲು ಮಾತ್ರ. ಗೆದ್ದರೆ ಸಿಗುವ ಚಿಪ್‌ಗೆ ಹಣ ಕೊಡುತ್ತಾರೆ. ಹಾಗೆ ಸಿಕ್ಕರೆ ಆ ಕ್ಷಣವೇ ಎದ್ದು ಕ್ಯಾಶ್ ಕೌಂಟರ್‌ಗೆ ಹೋಗು. ಕೈಯಿಂದ ಹೊಸ ಚಿಪ್ ಕೊಳ್ಳಬೇಡ, ಅದರ ಮೇಲೆ 2025ರ ಸೆಪ್ಟೆಂಬರ್‌ನಿಂದ ಶೇ 40 ಜಿಎಸ್‌ಟಿ ಬೇರೆ ಇದೆ. ಎಟಿಎಂ ಕಾರ್ಡ್ ರೂಮಿನಲ್ಲೇ ಇಡು, ಫೋನ್‌ನಲ್ಲಿ ಯುಪಿಐ ಮಿತಿ ಇವತ್ತೇ ಇಳಿಸು.

ಮಂಜುನಾಥ: ಆಯಿತು, ಇಲ್ಲಿಂದ ತೆಗೆದೆ. ಆಫೀಸ್ ಗುಂಪಿಗೂ ಹಾಕಿದ್ದೆ.

ಶುಭಾ: ಅಲ್ಲೂ ತೆಗೆಯಿರಿ ಭಾವ. ಆ 105ರ ಲೆಕ್ಕ ಬೇಕಾದರೆ ನನ್ನ ಮೆಸೇಜ್‌ನಿಂದಲೇ ಕಾಪಿ ಮಾಡಿ ಹಾಕಿ.