ಸಹಾಯ ಬೇಕು: ಬಾಕ್ಸ್‌ಸ್ಟರ್ ತೊಳೆಯುವಾಗ ಇಂಜಿನ್‌ಗೆ ನೀರು ಹೋಗದ ಹಾಗೆ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ, ಚಿಕ್ಕಬಳ್ಳಾಪುರದಿಂದ ಬರೆಯುತ್ತಿದ್ದೇನೆ. ನಮ್ಮ ಭಾವ ಸೆಕೆಂಡ್ ಹ್ಯಾಂಡ್ ಪೋರ್ಷೆ ಬಾಕ್ಸ್‌ಸ್ಟರ್ ಕಾರು ತಂದಿದ್ದಾರೆ, ತೊಳೆಯುವ ಕೆಲಸ ನನ್ನ ಪಾಲಿಗೆ. ನಂದಿ ಬೆಟ್ಟಕ್ಕೆ ಹೋಗಿ ಬಂದರೆ ಸಾಕು, ಮೈಯೆಲ್ಲ ಕೆಂಪು ಧೂಳು. ಇದರ ಇಂಜಿನ್ ಸೀಟಿನ ಹಿಂದೆ ಇದೆ, ಮುಂದೆ ಬಾನೆಟ್ ಎತ್ತಿದರೆ ಬರೀ ಡಿಕ್ಕಿ! ಬಾಗಿಲ ಹಿಂದೆ ಎರಡೂ ಪಕ್ಕ ಗಾಳಿ ಎಳೆಯುವ ಕಿಂಡಿಗಳಿವೆ, ಒಳಗೆ ಧೂಳು, ಒಣಗಿದ ಎಲೆ, ಒಂದು ಸತ್ತ ಚಿಟ್ಟೆ ಕೂಡ ಸಿಕ್ಕಿಕೊಂಡಿದೆ. ಅಲ್ಲಿಗೆ ಪೈಪ್ ಹಿಡಿಯಲು ಭಯ. ಏರ್ ಫಿಲ್ಟರ್ ದಾಟಿ ಸಿಲಿಂಡರ್‌ಗೆ ನೀರು ಹೋದರೆ ಅದು ಗಾಳಿಯ ಹಾಗೆ ಕುಗ್ಗಲ್ಲ, ಪಿಸ್ಟನ್‌ಗೆ ಜೋಡಿಸಿರುವ ಕನೆಕ್ಟಿಂಗ್ ರಾಡೇ ಬಾಗಬಹುದು, ಆಮೇಲಿನ ಖರ್ಚು ಕೇಳಲೇಬೇಡಿ. ವಾಟರ್ ಸರ್ವೀಸ್‌ನವರು "ಏನೂ ಆಗಲ್ಲ ಬಿಡಿ ಸಾರ್" ಅಂತ ಪ್ರೆಷರ್ ಗನ್ ಎತ್ತಿದರು, ಸುಮ್ನೆ ವಾಪಸ್ ಬಂದೆ.

ಮಳೆಯಲ್ಲಿ ಓಡಿಸಲ್ವಾ ಅನ್ನಬೇಡಿ, ಮಳೆ ಬೇರೆ ಗನ್ ಬೇರೆ ಅಲ್ವಾ? ಕಿಂಡಿಗೆ ಪ್ಲಾಸ್ಟಿಕ್ ಕವರ್ ಇಟ್ಟು ಟೇಪ್ ಅಂಟಿಸಿದರೆ ಸಾಕಾ? ಪೇಂಟ್ ಏಳದ ಟೇಪ್ ಯಾವುದು? ಮಡಚುವ ಬಟ್ಟೆಯ ಟಾಪ್ ಪಕ್ಕದಲ್ಲಿ ನೀರು ಇಳಿದು ಹೋಗುವ ಡ್ರೈನ್ ರಂಧ್ರ ಕಟ್ಟಿಕೊಂಡಿದ್ದರೆ ಬಿಡಿಸುವುದು ಹೇಗೆ? ನಮ್ಮ ಬೋರ್ ನೀರು ಬೇರೆ ಗಡಸು, ಒಣಗಿದರೆ ಬಿಳಿ ಕಲೆ. ಈ ಕಾರು ಇಟ್ಟುಕೊಂಡವರು ಯಾರಾದರೂ ಇದ್ದರೆ ಹೇಳಿ, ಭಾನುವಾರದೊಳಗೆ ತೊಳೆಯಲೇಬೇಕು.